ಸರ್ರಿಯಲಿಸ್ಟ್ ಚಿತ್ರ ನೋಡುವುದು ಹೇಗೆ, ಬರೆಯುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯ ಡ್ರಾಯಿಂಗ್ ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು, ಕೆಲವೊಮ್ಮೆ ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕಲೆಯ ಚರಿತ್ರೆ ಓದಿರಬೇಕು ಅಂತೇನಿಲ್ಲ. ಎಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ತಿರುಚುವ ಬಗೆ ಹೇಳುವ ಉತ್ತರ ಮತ್ತು ನಮ್ಮೂರಿನ ಬಗ್ಗೆ ಇರುವ ಉತ್ತರ, ಇವೆರಡನ್ನಾದರೂ ಓದಿ.

ಸರ್ರಿಯಲಿಸಂ ಅಂದರೆ ಏನು? ವಿಚಿತ್ರವಾಗಿರೋ ಚಿತ್ರಗಳೆಲ್ಲ ಅದೇನಾ?

ಅಲ್ಲ. ಇದು 1924ರಲ್ಲಿ ಪ್ಯಾರಿಸ್‌ನಲ್ಲಿ ರೂಪ ಪಡೆದ ಒಂದು ಚಳವಳಿ. ಆ ವರ್ಷ ಆಂದ್ರೆ ಬ್ರೆಟನ್ ಎಂಬ ಕವಿ ಅದರ ಪ್ರಣಾಳಿಕೆ ಬರೆದರು. ಎಚ್ಚರದಲ್ಲಿ ಕಾಣುವುದು ಮಾತ್ರ ನಿಜ, ಕನಸು ಸುಳ್ಳು ಎಂಬ ಲೆಕ್ಕವನ್ನು ಅವರು ಒಪ್ಪಲಿಲ್ಲ. ಎರಡೂ ಸೇರಿದರೇ ಪೂರ್ತಿ ನಿಜ ಎಂದರು. ಮೊದಲು ಇದು ಕವಿಗಳ ಗುಂಪಾಗಿತ್ತು. ಚಿತ್ರಕಾರರು ಬೇಗನೆ ಬಂದು ಸೇರಿಕೊಂಡರು.

ಆ ಚಿತ್ರಕಾರರಲ್ಲಿ ಎರಡು ದಾರಿ ಕಾಣುತ್ತದೆ. ಆಂದ್ರೆ ಮಾಸನ್, ಜೋನ್ ಮಿರೋ ಮೊದಲಾದವರು ಕೈಯನ್ನು ಅದರ ಪಾಡಿಗೆ ಓಡಲು ಬಿಟ್ಟು, ಬಂದ ಗೆರೆಗಳಿಂದ ಚಿತ್ರ ಕಟ್ಟಿದರು. ಬೆಲ್ಜಿಯಂನ ರೆನೆ ಮಾಗ್ರಿಟ್, ಸ್ಪೇನಿನ ಸಾಲ್ವಡಾರ್ ಡಾಲಿ ತರದವರು ಕೋಣೆ, ಬೀದಿ, ಸೇಬು, ಕನ್ನಡಿಗಳನ್ನು ಫೋಟೋದಷ್ಟು ಸ್ಪಷ್ಟವಾಗಿ ಬರೆದು, ಅದರಲ್ಲೇ ಎಲ್ಲೋ ಒಂದು ಕಡೆ ಲೋಕದ ನಿಯಮ ಮುರಿದರು. ಇಲ್ಲಿ ಹೇಳುವುದು ಈ ಎರಡನೆಯ ದಾರಿಯ ವಿಷಯ.

ಬುದ್ಧಿಯ ಮೇಲೆ ಇವರಿಗೆ ಯಾಕೆ ಅಷ್ಟು ಅನುಮಾನ?

ಮೊದಲ ಮಹಾಯುದ್ಧವನ್ನು ಬಿಟ್ಟು ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಬ್ರೆಟನ್ ಡಾಕ್ಟರಿಕೆ ಓದುತ್ತಿದ್ದವರು. ಯುದ್ಧದ ಕಾಲದಲ್ಲಿ, ಮನಸ್ಸು ಜರ್ಜರಿತವಾದ ಸೈನಿಕರಿದ್ದ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಇದೇ ಗುಂಪಿನ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಜರ್ಮನ್ ಸೇನೆಯಲ್ಲಿದ್ದರು. ರೈಲು ಟೈಮ್‌ಟೇಬಲ್, ರಸಾಯನಶಾಸ್ತ್ರ, ಲೆಕ್ಕಾಚಾರ, ಶಿಸ್ತು, ಹೀಗೆ ಯೂರೋಪು ಹೆಮ್ಮೆಪಟ್ಟಿದ್ದ ಎಲ್ಲವೂ ಲಕ್ಷಾಂತರ ಹುಡುಗರನ್ನು ಕೊಲ್ಲಲು ಬಳಕೆಯಾದದ್ದನ್ನು ಈ ತಲೆಮಾರು ಕಣ್ಣಾರೆ ಕಂಡಿತು. ಇಷ್ಟೊಂದು ತರ್ಕ ಇಟ್ಟುಕೊಂಡು ಇಲ್ಲಿಗೆ ಬಂದು ತಲುಪಿದೆವಲ್ಲ ಎಂಬ ಸಿಟ್ಟು ಅವರದು.

ಇನ್ನೊಂದು ಕಡೆ ಮನಸ್ಸಿನ ಕಾಯಿಲೆಗಳ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಅವರ ಕನಸಿನ ಅಧ್ಯಯನವನ್ನು ಇವರು ಆಸೆಯಿಂದ ಓದಿದರು. ಫ್ರಾಯ್ಡ್‌ಗೆ ಮಾತ್ರ ಇವರ ಮೇಲೆ ಅಂಥ ನಂಬಿಕೆ ಇರಲಿಲ್ಲ. 1938ರಲ್ಲಿ ಲಂಡನ್ನಿನಲ್ಲಿ ಡಾಲಿಯನ್ನು ಭೇಟಿಯಾದ ಮೇಲೆ ಅವರ ಅಭಿಪ್ರಾಯ ಸ್ವಲ್ಪ ಬದಲಾಯಿತು.

ಇವರು ಬುದ್ಧಿ ಬೇಡ ಎಂದವರಲ್ಲ. ಬುದ್ಧಿ ಎಲ್ಲವನ್ನೂ ನೋಡಿಬಿಟ್ಟಿದೆ ಎಂಬ ಧೈರ್ಯವನ್ನು ಪ್ರಶ್ನಿಸಿದವರು.

ವಿಚಿತ್ರ ಲೋಕವನ್ನೇ ಹೊಸದಾಗಿ ಬರೆಯಬಹುದಲ್ವಾ? ಗೊತ್ತಿರುವ ದೃಶ್ಯವನ್ನೇ ಯಾಕೆ ಕೆಡಿಸಬೇಕು?

ಪೂರ್ತಿ ಹೊಸ ಲೋಕ ನಮ್ಮನ್ನು ಅಲುಗಿಸುವುದಿಲ್ಲ. ಮೂರು ತಲೆಯ ರಾಕ್ಷಸ, ನೇರಳೆ ಬಣ್ಣದ ಗ್ರಹ ಕಂಡರೆ ಇದು ಕಥೆ ಎಂದು ಮನಸ್ಸು ಮೊದಲೇ ಬೇರೆ ಖಾತೆಗೆ ಹಾಕಿಬಿಡುತ್ತದೆ. ಅಲ್ಲಿ ಏನು ನಡೆದರೂ ಸರಿಯೇ.

ನಮ್ಮ ಮನೆಯಂಥ ಮನೆ ಕಂಡಾಗ ಹಾಗಲ್ಲ. ಬಾಗಿಲು ಎಷ್ಟೆತ್ತರ, ಬೆಳಕು ಎಲ್ಲಿಂದ, ಕನ್ನಡಿಯಲ್ಲಿ ಏನು ಕಾಣಬೇಕು ಎಂದು ನಾವು ಯೋಚಿಸುವುದೇ ಇಲ್ಲ. ಗೊತ್ತಿದೆ ಎಂದುಕೊಂಡು ನೋಡುತ್ತೇವೆ. ಕರೆಂಟ್ ಹೋದಾಗ ಕತ್ತಲಲ್ಲಿ ಮೆಟ್ಟಿಲು ಇಳಿಯುತ್ತಾ, ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು, ಅಲ್ಲಿ ನೆಲವೇ ಸಿಕ್ಕಾಗ ಮೈ ಜುಮ್ ಅನ್ನುತ್ತದಲ್ಲ, ಈ ಚಿತ್ರಗಳು ಕಣ್ಣಿಗೆ ಮಾಡುವುದು ಅದನ್ನೇ. ಎಡವಿದಾಗಲೇ ನಾವು ನೋಡದೆ ನಡೆಯುತ್ತಿದ್ದೆವು ಅಂತ ಗೊತ್ತಾಗುವುದು.

ತಿರುಚುವುದು ಹೇಗೆ? ಏನಾದರೂ ಸೂತ್ರ ಇದೆಯಾ?

ಸೂತ್ರ ಅನ್ನಲಾರೆ. ಆದರೆ ಒಳ್ಳೆಯ ಚಿತ್ರಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಅವರು ಮುರಿಯುವುದು ಸಾಮಾನ್ಯವಾಗಿ ಒಂದೇ ನಿಯಮವನ್ನು. ಉಳಿದದ್ದನ್ನೆಲ್ಲ ಪ್ರಾಮಾಣಿಕವಾಗಿ ಕಾಪಾಡುತ್ತಾರೆ.

ಮಾಗ್ರಿಟ್ 1937ರಲ್ಲಿ ಬರೆದ ಒಂದು ಚಿತ್ರ ನೋಡಿ. ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ಕನ್ನಡಿ ಮುಂದೆ ನಿಂತಿದ್ದಾನೆ. ಕನ್ನಡಿಯಲ್ಲಿ ಮುಖ ಕಾಣಬೇಕಿತ್ತು. ಅಲ್ಲೂ ಬೆನ್ನೇ ಕಾಣುತ್ತದೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಕೆಳಗಿರುವ ಪುಸ್ತಕ. ಕನ್ನಡಿಯ ಮುಂದಿನ ಕಟ್ಟೆಯ ಮೇಲೆ ಒಂದು ಪುಸ್ತಕವಿದೆ. ಅದರ ಪ್ರತಿಬಿಂಬ ಸರಿಯಾಗಿಯೇ ಬಿದ್ದಿದೆ! ಪುಸ್ತಕವೂ ತಪ್ಪಾಗಿ ಕಂಡಿದ್ದರೆ ಇದೊಂದು ಮಾಯಾಕನ್ನಡಿ ಎಂದು ಸುಮ್ಮನಾಗುತ್ತಿದ್ದೆವು. ಕನ್ನಡಿ ಸರಿಯಿದೆ. ಹಾಗಾದರೆ ಮನುಷ್ಯನಿಗೆ ಏನಾಯಿತು? ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಚಿತ್ರ ದಾರಿಯನ್ನೇ ಬಿಟ್ಟಿಲ್ಲ.

ಅಳತೆ ಕೆಡಿಸುವುದು ಇನ್ನೊಂದು ಬಗೆ. ಮಾಗ್ರಿಟ್ ಬರೆದ 1952ರ ಒಂದು ಚಿತ್ರದಲ್ಲಿ ಕೋಣೆ ತುಂಬ ಒಂದೇ ಒಂದು ಹಸಿರು ಸೇಬು. ಅದೇ ವರ್ಷದ ಇನ್ನೊಂದರಲ್ಲಿ ಬಾಚಣಿಗೆ ಮಂಚದ ಮೇಲೆ ಆಳೆತ್ತರ ನಿಂತಿದೆ, ಗೋಡೆಗಳ ಜಾಗದಲ್ಲಿ ಆಕಾಶವಿದೆ. ಸೇಬು ದೊಡ್ಡದಾಯಿತೋ, ಕೋಣೆ ಬೊಂಬೆಯ ಮನೆಯಷ್ಟು ಚಿಕ್ಕದೋ ಎಂದು ಹೇಳಲಾಗುವುದಿಲ್ಲ. ಎರಡಕ್ಕೂ ಸಾಕ್ಷಿ ಅಷ್ಟೇ ಇದೆ.

ಹೊತ್ತನ್ನು ತಿರುಚಬಹುದು. 1940ರ ದಶಕದ ಕೊನೆಯಿಂದ ಮಾಗ್ರಿಟ್ ಹಲವು ಸಲ ಬರೆದ 'ಬೆಳಕಿನ ಸಾಮ್ರಾಜ್ಯ' ಸರಣಿಯಲ್ಲಿ ಕೆಳಗೆ ರಾತ್ರಿಯ ಬೀದಿ, ಉರಿಯುವ ದೀಪ, ಮುಚ್ಚಿದ ಕಿಟಕಿಗಳು. ಮೇಲೆ ಮಾತ್ರ ಹಾಡುಹಗಲಿನ ನೀಲಿ ಆಕಾಶ, ಬಿಳಿ ಮೋಡ. ಎಷ್ಟೋ ಜನ ಮೊದಲ ನೋಟಕ್ಕೆ ಚೆಂದದ ಸಂಜೆ ಅಂದುಕೊಳ್ಳುತ್ತಾರೆ. ಆಮೇಲೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಆ ತಡವಾಗಿ ಬರುವ ಅನುಮಾನ ನನಗೆ ತುಂಬ ಇಷ್ಟ. ಈ ಸರಣಿಯ 1954ರ ಒಂದು ಚಿತ್ರ 2024ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 12 ಕೋಟಿ ಡಾಲರ್ ದಾಟಿತು.

ಜಾಗ ಬದಲಿಸಬಹುದು. ಮಾಗ್ರಿಟ್ ಬರೆದ 1938ರ ಒಂದು ಚಿತ್ರದಲ್ಲಿ ಮನೆಯ ಬೆಂಕಿಗೂಡಿನಿಂದ ರೈಲು ಎಂಜಿನ್ ಹೊಗೆ ಬಿಡುತ್ತಾ ಹೊರಬರುತ್ತದೆ. ಗುಣವನ್ನೂ ಬದಲಿಸಬಹುದು. ಮೆರೆಟ್ ಓಪನ್‌ಹೈಮ್ 1936ರಲ್ಲಿ ಟೀ ಕಪ್ಪು, ಬಸಿ, ಚಮಚಗಳಿಗೆ ಪ್ರಾಣಿಯ ತುಪ್ಪಳ ಹೊದಿಸಿದರು. ಅದು ಚಿತ್ರವಲ್ಲ, ವಸ್ತು. ಆದರೂ ನೋಡಿದ ಕೂಡಲೇ ತುಟಿಗೆ ಒಂದು ತರಾ ಆಗುತ್ತದೆ. ಬುದ್ಧಿ ಮಾತಾಡುವ ಮೊದಲೇ ಮೈ ಉತ್ತರ ಕೊಟ್ಟಿರುತ್ತದೆ.

ಇವರಿಗೆಲ್ಲ ಮುಂಚೆಯೇ ಈ ಬಾಗಿಲು ತೆರೆದವರು ಇಟಲಿಯ ಜಾರ್ಜೊ ದೆ ಕಿರಿಕೊ. ಖಾಲಿ ಚೌಕ, ಕಮಾನುಗಳು, ಉದ್ದುದ್ದ ನೆರಳು. ಅವರ 1914ರ ಒಂದು ಚಿತ್ರದಲ್ಲಿ ಗ್ರೀಕ್ ಶಿಲ್ಪದ ತಲೆಯ ಪಕ್ಕ ರಬ್ಬರ್ ಕೈಗವಸು ನೇತಾಡುತ್ತದೆ. ಅದರ ಅಚ್ಚಾದ ಪ್ರತಿ ನೋಡಿ ಮಾಗ್ರಿಟ್‌ಗೆ ಕಣ್ಣೀರು ಬಂದಿತ್ತಂತೆ.

ಡಾಲಿಯ ಕರಗುವ ಗಡಿಯಾರದ ವಿಷಯ ಏನು?

ಗಡಿಯಾರಗಳು ಮೆತ್ತಗಾಗಿ ಜೋತುಬಿದ್ದಿರುವ ಆ ಚಿತ್ರವನ್ನು ಹೆಚ್ಚಿನವರು ಗೋಡೆಯಗಲದ್ದು ಅಂದುಕೊಂಡಿರುತ್ತಾರೆ. ಅಗಲ 33 ಸೆಂಟಿಮೀಟರ್, ಎತ್ತರ 24, ಅಷ್ಟೇ. ನೋಟ್‌ಬುಕ್ ತೆರೆದಿಟ್ಟಷ್ಟು ಜಾಗದಲ್ಲಿ ಒಂದಿಡೀ ಕಡಲತೀರ ಇದೆ. 1931ರಲ್ಲಿ ಬರೆದದ್ದು, ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ.

ಹಿಂದೆ ಕಾಣುವ ಬಂಡೆಗಳು ಕನಸಿನವಲ್ಲ. ಸ್ಪೇನಿನಲ್ಲಿ ಡಾಲಿ ಬಾಲ್ಯದಿಂದ ನೋಡಿದ ಕಾಟಲೋನಿಯಾದ ಕಡಲ ಬಂಡೆಗಳು. ತನ್ನೂರಿನ ಬಂಡೆಯನ್ನು ಇದ್ದ ಹಾಗೇ ಬರೆದು, ಅದರ ಮುಂದೆ ಗಟ್ಟಿ ಗಡಿಯಾರವನ್ನು ಮೆತ್ತಗೆ ಮಾಡಿದರು. ನಮ್ಮ ಮಕ್ಕಳು ಗಡಿಯಾರವನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಬಂಡೆಯನ್ನು ಯಾರೂ ನೋಡುವುದಿಲ್ಲ. ಬೇಜಾರಾಗುವುದು ಅದಕ್ಕೇ.

ಈ ಚಿತ್ರ ನೋಡುವಾಗ ತಲೆಯೊಳಗೆ ನಿಜಕ್ಕೂ ಏನಾಗುತ್ತದೆ?

ಕಣ್ಣಿಗೆ ಬೀಳುವ ಬೆಳಕಿನಿಂದ ಮಾತ್ರ ನಾವು ನೋಡುವುದಿಲ್ಲ. ಮಿದುಳು ತನ್ನ ಹಳೆಯ ಅನುಭವದಿಂದ ಮುಂಚೆಯೇ ಊಹೆ ಮಾಡಿ, ಕಣ್ಣು ಕೊಟ್ಟದ್ದರ ಜೊತೆ ತಾಳೆ ನೋಡುತ್ತದೆ. ದೂರದ ಬಸ್ಸು ಕಣ್ಣಿಗೆ ಬೆರಳಷ್ಟು ಕಂಡರೂ ಅದನ್ನು ಆಟಿಕೆ ಅನ್ನುವುದಿಲ್ಲ. ಬೆಳಕು ಮೇಲಿಂದ ಬೀಳುತ್ತದೆ ಎಂದು ನಂಬಿಯೇ ಯಾವುದು ಉಬ್ಬು, ಯಾವುದು ತಗ್ಗು ಎಂದು ತೀರ್ಮಾನಿಸುತ್ತದೆ. ಇದೆಲ್ಲ ಕ್ಷಣದೊಳಗೆ, ನಮಗೆ ಹೇಳದೆ ಕೇಳದೆ ನಡೆಯುತ್ತದೆ.

ಸರ್ರಿಯಲಿಸ್ಟ್ ಚಿತ್ರ ಆ ಊಹೆಗೆ ಬೇಕಾದ ಸಾಕ್ಷಿಗಳನ್ನೆಲ್ಲ ಕೊಟ್ಟು, ಒಂದನ್ನು ಮಾತ್ರ ಎದುರು ಪಕ್ಷಕ್ಕೆ ಕೊಡುತ್ತದೆ. ತಾಳೆ ಆಗುವುದಿಲ್ಲ. ಕಣ್ಣು ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗುತ್ತದೆ. ಡಾಲಿಯ 1937ರ ಚಿತ್ರವೊಂದರಲ್ಲಿ ಕೊಳದಲ್ಲಿ ಹಂಸಗಳಿವೆ, ನೀರಿನಲ್ಲಿ ಅವುಗಳ ಪ್ರತಿಬಿಂಬ ಆನೆಗಳಾಗಿದೆ. ಹಂಸದ ಕತ್ತು ಆನೆಯ ಸೊಂಡಿಲು, ಹಿಂದಿನ ಮರದ ಕಾಂಡಗಳು ಆನೆಯ ಕಾಲು. ಹಂಸ ನೋಡುತ್ತಿದ್ದರೆ ಆನೆ ಜಾರುತ್ತದೆ, ಆನೆ ಹಿಡಿದರೆ ಹಂಸ ಮರೆಯಾಗುತ್ತದೆ. ನೋಡುವುದೂ ಒಂದು ಕೆಲಸ ಎಂಬುದು ಅಲ್ಲಿ ನೇರವಾಗಿ ಅನುಭವಕ್ಕೆ ಬರುತ್ತದೆ.

ನಮ್ಮ ದೇವಸ್ಥಾನಗಳ ಯಾಳಿ, ಗಂಡಭೇರುಂಡ ಎಲ್ಲ ಇದೇ ಅಲ್ವಾ? ನಮ್ಮಲ್ಲಿ ಮೊದಲೇ ಇತ್ತಲ್ಲ?

ಈ ಪ್ರಶ್ನೆ ಪ್ರತಿ ಸಲ ಬರುತ್ತದೆ, ಬರಲೇಬೇಕು. ಕೋಲಾರದ ಸೋಮೇಶ್ವರ ದೇವಸ್ಥಾನದ ಕಂಬಗಳ ಕೆತ್ತನೆ ನೋಡಿ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ.

ರೂಪ ಹತ್ತಿರ ಇದೆ, ಕೆಲಸ ಬೇರೆ. ಎರಡು ತಲೆಯ ಗಂಡಭೇರುಂಡ ಕರ್ನಾಟಕದ ಲಾಂಛನದಲ್ಲೇ ಇದೆ. ಅದನ್ನು ನೋಡಿ ಯಾರಿಗೂ ಗಲಿಬಿಲಿ ಆಗುವುದಿಲ್ಲ. ಶಿಲ್ಪಿಗೂ ಭಕ್ತನಿಗೂ ಅದರ ಅರ್ಥದಲ್ಲಿ ಒಪ್ಪಂದವಿದೆ. ಅದು ನಂಬಿಕೆಯನ್ನು ಗಟ್ಟಿ ಮಾಡುವ ರೂಪ. ಸರ್ರಿಯಲಿಸ್ಟ್ ಚಿತ್ರ ಅಂಥ ಒಪ್ಪಂದ ಇಲ್ಲದ ಜಾಗದಲ್ಲಿ ನಿಲ್ಲುತ್ತದೆ. ನಾವೇ ಮೊದಲು ಎಂದು ಹೇಳಿಕೊಳ್ಳುವ ಆತುರದಲ್ಲಿ ಯಾಳಿಯನ್ನು ಪ್ಯಾರಿಸ್ಸಿಗೆ ಸೇರಿಸಿದರೆ ಯಾಳಿಗೇ ಅನ್ಯಾಯ. ಅದಕ್ಕೆ ಅದರದೇ ಆದ ಗತ್ತಿದೆ.

ಮಾಗ್ರಿಟ್ ಚಿತ್ರ ತೋರಿಸಿದರೆ ನಮ್ಮ ಹುಡುಗರಿಗೆ ಅಷ್ಟು ಆಶ್ಚರ್ಯ ಆಗಲ್ಲ. ಯಾಕೆ?

ಅವರ ತಪ್ಪಲ್ಲ. ಬೆಂಕಿಗೂಡಿನಿಂದ ರೈಲು ಬರುವುದು ಬ್ರಸೆಲ್ಸ್‌ನವರಿಗೆ ಬೆಚ್ಚಿಸುವ ಸಂಗತಿ. ಗೋಡೆಯೊಳಗಿನ ಬೆಂಕಿಗೂಡು ಅವರ ಮನೆಯಲ್ಲಿ ದಿನಾ ಕಾಣುವಂಥದ್ದು. ಕೋಲಾರದಲ್ಲಿ ಯಾರ ಮನೆಯಲ್ಲಿದೆ? ನಮಗೆ ಬೆಂಕಿಗೂಡೇ ಅಪರೂಪ. ರೈಲು ಅದರ ಮೇಲೆ ಇನ್ನೊಂದು ಅಪರೂಪ, ಅಷ್ಟೇ. ಮಾಗ್ರಿಟ್ ಚಿತ್ರಗಳಲ್ಲಿ ಬರುವ ದುಂಡು ಟೋಪಿಯ ಮನುಷ್ಯರೂ ಹಾಗೇ. ಅಲ್ಲಿ ಅದು ಆಫೀಸಿಗೆ ಹೋಗುವ ಗುಮಾಸ್ತನ ಮಾಮೂಲಿ ವೇಷ. ನಮ್ಮ ಕಣ್ಣಿಗೆ ನಾಟಕದ ವೇಷ. ಆ ಟೋಪಿಯವರು ಮಳೆಹನಿಗಳಂತೆ ಆಕಾಶದ ತುಂಬ ನಿಂತಿರುವ 1953ರ ಚಿತ್ರದ ಹೆಸರು 'ಗೋಲ್ಕೊಂಡ'. ಆ ಹೆಸರು ಮಾತ್ರ ನಮ್ಮ ಕಡೆಯದು!

ಆದ್ದರಿಂದ ಅವರ ಸಾಮಾನು ತರಬೇಡಿ, ಕಸುಬು ತನ್ನಿ. ಟೋಪಿ, ಸೇಬು, ಗಡಿಯಾರ ಅಲ್ಲೇ ಇರಲಿ. ದಿನಾ ನೋಡುವ ವಸ್ತುವನ್ನು ಪ್ರೀತಿಯಿಂದ, ತಪ್ಪಿಲ್ಲದೆ ಬರೆದು, ಒಂದೇ ಒಂದು ನಿಯಮ ಮುರಿಯುವ ಧೈರ್ಯ ಇದೆಯಲ್ಲ, ಅದು ಬೇಕು.

ಹಾಗಾದರೆ ನಮ್ಮೂರಲ್ಲಿ ಏನು ಬರೆಯಬಹುದು?

ಕೋಲಾರದಷ್ಟು ಇದಕ್ಕೆ ಹೊಂದುವ ಜಿಲ್ಲೆ ಕಡಿಮೆ ಅಂತ ನಾನು ನಂಬಿದ್ದೇನೆ. ಇಲ್ಲಿ ಇರುವುದೇ ಅರ್ಧ ಕನಸಿನ ಹಾಗಿದೆ.

ಕೆಜಿಎಫ್ ತೆಗೆದುಕೊಳ್ಳಿ. 1902ರಲ್ಲೇ ಶಿವನಸಮುದ್ರದ ನೀರಿನಿಂದ ಕರೆಂಟ್ ಬಂದ ಊರು. ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿ. 2001ರಲ್ಲಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿ ಸೈನೈಡ್ ದಿಬ್ಬಗಳಾಗಿ ಇನ್ನೂ ನಿಂತಿದೆ. ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಮೇಲಿನ ಕಬ್ಬಿಣದ ಗೋಪುರವನ್ನು ಒಂದೊಂದು ಪಟ್ಟಿಯೂ ಲೆಕ್ಕಕ್ಕೆ ಸಿಗುವಂತೆ ಬರೆಯಿರಿ. ಕೆಳಗೆ ಮನೆ ಸಾಲು, ಒಣಗಲು ಹಾಕಿದ ಬಟ್ಟೆ, ಸೈಕಲ್. ಎಲ್ಲ ಇದ್ದ ಹಾಗೇ. ಚಕ್ರದ ಮೇಲಿನ ಹಗ್ಗ ಮಾತ್ರ ನೆಲದೊಳಗೆ ಇಳಿಯದೆ ನೆಟ್ಟಗೆ ಮೋಡದೊಳಗೆ ಹೋಗಲಿ. ಆ ಊರಿನ ಅಜ್ಜ ಒಬ್ಬರು ಈ ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬಹುದು, ಯೋಚಿಸಿ.

ಕೆರೆ ಇನ್ನೊಂದು. ಏರಿಯ ಮೇಲೆ ನೀಲಗಿರಿ ತೋಪು, ತೆಳ್ಳಗೆ, ಸಾಲಾಗಿ. ಕೆಳಗೆ ನೀರಿನಲ್ಲಿ ಕಾಣುವ ಬಿಂಬದಲ್ಲಿ ಮಾತ್ರ ಹೊಂಗೆ, ಹುಣಸೆ, ಆಲ. ಒಂದು ಮಾತೂ ಬರೆಯಬೇಕಿಲ್ಲ. ಈ ಬಯಲುಸೀಮೆಗೆ ಏನಾಯಿತು ಎಂಬುದು ಅಷ್ಟರಲ್ಲೇ ಬಂತು. ನೆರಳುಗಳ ಅಳತೆ, ಅಲೆಯ ನಡುಕ ಸರಿಯಿರಬೇಕು, ಇಲ್ಲದಿದ್ದರೆ ಇದು ಪರಿಸರ ದಿನದ ಪೋಸ್ಟರ್ ಆಗಿಬಿಡುತ್ತದೆ.

ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿ ಹೋದ ಸೀಮೆ ಇದು. ಅಡುಗೆಮನೆಯ ನೆಲದ ನಡುವೆ ಕೇಸಿಂಗ್ ಪೈಪು ಎದ್ದು ನಿಂತಿದೆ, ಸುತ್ತ ಬೂದಿ ಬಣ್ಣದ ಕಲ್ಲುಪುಡಿ. ಪಕ್ಕದಲ್ಲಿ ಅಮ್ಮ ಮುದ್ದೆ ತಿರುವುತ್ತಿದ್ದಾರೆ, ಅದರ ಕಡೆ ನೋಡುತ್ತಲೂ ಇಲ್ಲ. ಅವರು ನೋಡದೇ ಇರುವುದೇ ಈ ಚಿತ್ರದ ಪ್ರಾಣ. ಬೆಚ್ಚಿಬಿದ್ದ ಮುಖ ಬರೆದರೆ ಚಿತ್ರ ಹಾಳು.

ಟೊಮೆಟೊ ಮಂಡಿಯನ್ನೂ ಬಿಡಬೇಡಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮ ಊರಲ್ಲಿದೆ. ಕ್ರೇಟುಗಳ ಸಾಲು, ಹಮಾಲರು, ಲಾರಿ, ಬೆಳಗಿನ ಗದ್ದಲ. ಒಂದು ಸಾಲಿನ ಕ್ರೇಟುಗಳಲ್ಲಿ ಹಣ್ಣಿನ ಬದಲು ಅಂತರಗಂಗೆ ಬೆಟ್ಟದ ಗುಂಡುಗಳು. ಹರಾಜು ಮಾಮೂಲಿನಂತೆ ನಡೆದಿದೆ. ರೇಷ್ಮೆ ಸಾಕುವ ಮನೆಯವರಾದರೆ, ಊರ ಹಿಂದೆ ಬೆಟ್ಟ ಇರಬೇಕಾದ ಜಾಗದಲ್ಲಿ ಒಂದೇ ಒಂದು ಗೂಡು, ಬೆಟ್ಟದಷ್ಟೇ ದೊಡ್ಡದು, ಬೆಳಗಿನ ಬಿಸಿಲಲ್ಲಿ ಬಂಗಾರದ ಹಳದಿ.

ನಾನು ಹೇಳಿದ್ದನ್ನೇ ಬರೆಯಬೇಡಿ. ನಿಮ್ಮ ಬೀದಿ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು.

ಡ್ರಾಯಿಂಗ್ ಚೆನ್ನಾಗಿ ಬರದವರು ಏನು ಮಾಡಬೇಕು?

ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಹಳೆಯ ಮರದ ನೆಲದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಮರದ ಗೆರೆಗಳು ಕಾಗದಕ್ಕೆ ಬಂದವು. ಅದರಲ್ಲಿ ಕಾಡು, ಹಕ್ಕಿ, ಕಣ್ಣುಗಳನ್ನು ಕಂಡು ಚಿತ್ರ ಮುಂದುವರಿಸಿದರು. ಹಳೇ ಬಾಗಿಲು, ಚಾಪೆ, ಮೊರ, ರೇಷ್ಮೆ ಹುಳು ಬಿಡುವ ಚಂದ್ರಿಕೆ, ಯಾವುದರ ಮೇಲಾದರೂ ಇದನ್ನು ಮಾಡಬಹುದು. ಕ್ಲಾಸಿಗೆ ಇನ್ನೊಂದು ಆಟ ಇದೆ. ಕಾಗದ ಮಡಚಿ ಒಬ್ಬರು ತಲೆ, ಇನ್ನೊಬ್ಬರು ಮೈ, ಮತ್ತೊಬ್ಬರು ಕಾಲು ಬರೆಯಬೇಕು, ಹಿಂದಿನವರು ಬರೆದದ್ದನ್ನು ನೋಡದೆ. ಪ್ಯಾರಿಸ್ಸಿನ ಗುಂಪು ಇದನ್ನು ಮನಸಾರೆ ಆಡುತ್ತಿತ್ತು.

ಇವು ಶುರು ಮಾಡಲು ಸಾಕು. ಮುಂದೆ ಹೋಗಬೇಕಾದರೆ ನೋಡಿ ಬರೆಯುವ ಅಭ್ಯಾಸ ಬೇಕೇ ಬೇಕು. ಮಾಗ್ರಿಟ್ ವಾಲ್‌ಪೇಪರ್ ವಿನ್ಯಾಸ ಮಾಡಿ, ಜಾಹೀರಾತು ಬರೆದು ಕೈ ಪಳಗಿಸಿಕೊಂಡವರು.

ಇದರಲ್ಲಿ ಹೆಣ್ಣುಮಕ್ಕಳು ಇರಲಿಲ್ವಾ?

ಇದ್ದರು. ಚಳವಳಿಯ ಗಂಡಸರು ಅವರನ್ನು ಜಾಸ್ತಿ ಚಿತ್ರದ ವಸ್ತುವಾಗಿ ನೋಡಿದರು, ಚಿತ್ರಕಾರರಾಗಿ ಕಡಿಮೆ. ನನ್ನ ಪ್ರಕಾರ ಮನೆಯೊಳಗಿನ ಭಯವನ್ನು ಅವರಷ್ಟು ಚೆನ್ನಾಗಿ ಬರೆದವರಿಲ್ಲ. ಡೊರೊತಿಯಾ ಟ್ಯಾನಿಂಗ್ ಅವರ 1943ರ ಚಿತ್ರದಲ್ಲಿ ಹೋಟೆಲಿನ ಮೆಟ್ಟಿಲ ಬಳಿ ದೊಡ್ಡ ಸೂರ್ಯಕಾಂತಿಯೊಂದು ಬಿದ್ದಿದೆ, ಇಬ್ಬರು ಹುಡುಗಿಯರಿದ್ದಾರೆ, ಕೊನೆಯ ಬಾಗಿಲು ಸ್ವಲ್ಪ ತೆರೆದಿದೆ. ಲಿಯೊನೊರಾ ಕ್ಯಾರಿಂಗ್ಟನ್, ರೆಮೆಡಿಯೊಸ್ ವಾರೊ ಇಬ್ಬರೂ ಯೂರೋಪು ಬಿಟ್ಟು ಮೆಕ್ಸಿಕೊದಲ್ಲಿ ನೆಲೆಸಿ ಬರೆದರು. ಮೆಕ್ಸಿಕೊದ ಚಿತ್ರಕಾರ್ತಿ ಫ್ರೀಡಾ ಕಾಲೊ ಅವರನ್ನು ಬ್ರೆಟನ್ ತಮ್ಮ ಗುಂಪಿನವರೆಂದರು. ಕಾಲೊ ಒಪ್ಪಲಿಲ್ಲ, ತಾನು ಬರೆದದ್ದು ತನ್ನ ಬದುಕನ್ನೇ ಎಂದರು.

ಭಾರತದಲ್ಲಿ ಯಾರಾದರೂ?

ಕೋಲ್ಕತ್ತದ ಬಿಕಾಶ್ ಭಟ್ಟಾಚಾರ್ಜಿ. 1970ರ ದಶಕದ ಮೊದಲಲ್ಲಿ ಅವರು ಬೊಂಬೆಯ ಚಿತ್ರಗಳನ್ನು ಬರೆದರು. ಹಳೇ ಮನೆ, ಖಾಲಿ ಬೀದಿ, ಅಲ್ಲೊಂದು ಮಕ್ಕಳಾಡುವ ಬೊಂಬೆ. ಆ ಊರಲ್ಲಿ ಆಗ ನಕ್ಸಲ್ ಚಳವಳಿ, ಪೊಲೀಸರು, ರಾತ್ರಿ ಕಾಣೆಯಾಗುವ ಹುಡುಗರು. ಬೊಂಬೆ ಏನೂ ಹೇಳುವುದಿಲ್ಲ. ಕಸುಬನ್ನು ಹೊರಗಿನಿಂದ ಪಡೆದು ದೃಶ್ಯವನ್ನು ತನ್ನೂರಿನದೇ ಇಟ್ಟುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಕೊನೆಗೆ ಚಿತ್ರದ ಅರ್ಥ ಏನು ಅಂತ ಹೇಳುವುದು ಹೇಗೆ?

ಸೇಬು ಅಂದರೆ ಪಾಪ, ರೈಲು ಅಂದರೆ ಆಸೆ ಎಂದು ನಿಘಂಟು ಮಾಡಬೇಡಿ. ಮಾಗ್ರಿಟ್‌ಗೆ ಅಂಥ ವಿವರಣೆ ಹಿಡಿಸುತ್ತಿರಲಿಲ್ಲ. ಮೊದಲು ಕಂಡದ್ದನ್ನು ಹೇಳಿ. ಎಲ್ಲಿ ಸರಿಯಿದೆ, ಎಲ್ಲಿಂದ ತಪ್ಪು ಶುರುವಾಗುತ್ತದೆ, ನಿಮಗೆ ಯಾವಾಗ ಗೊತ್ತಾಯಿತು? ಮಕ್ಕಳನ್ನು ಹೀಗೆ ಕೇಳಿದರೆ ದೊಡ್ಡವರಿಗಿಂತ ಚೆನ್ನಾಗಿ ಹೇಳುತ್ತಾರೆ.

ಇವನ್ನೆಲ್ಲ ಎಲ್ಲಿ ನೋಡಬಹುದು?

ಮಾಗ್ರಿಟ್, ಡಾಲಿ ಮೂಲ ಚಿತ್ರಗಳು ಹೊರದೇಶಗಳಲ್ಲಿವೆ. ಬ್ರಸೆಲ್ಸ್‌ನಲ್ಲಿ ಮಾಗ್ರಿಟ್‌ದೇ ಮ್ಯೂಸಿಯಂ ಇದೆ. ದೊಡ್ಡ ಮ್ಯೂಸಿಯಂಗಳ ವೆಬ್‌ಸೈಟುಗಳಲ್ಲಿ ಒಳ್ಳೆಯ ಪ್ರತಿಗಳು ಉಚಿತವಾಗಿ ಸಿಗುತ್ತವೆ. ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ನೋಡಿ, ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ಕನ್ನಡಿಯ ಕೆಳಗಿನ ಪುಸ್ತಕದಂಥವು ಮೂಲೆಯಲ್ಲೇ ಇರುತ್ತವೆ.

ಭಾರತೀಯ ಆಧುನಿಕ ಚಿತ್ರಗಳಿಗೆ ಬೆಂಗಳೂರಿನ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ. ಸೋಮವಾರ ರಜೆ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇರುತ್ತದೆ. ಕೋಲಾರದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ಮಕ್ಕಳ ಕೈಗೆ ಒಂದು ಸ್ಕೆಚ್‌ಬುಕ್, ಒಂದು ಪೆನ್ಸಿಲ್ ಕೊಟ್ಟು ಕರೆದುಕೊಂಡು ಹೋಗಿ, ಫೋಟೋ ತೆಗೆಯುವ ಬದಲು ನಿಂತು ಬರೆದುಕೊಳ್ಳಲಿ.